ಎಸಿ ಪಂಪ್ ಬಿಚ್ಚಿದ ಕೈಗಳು: ರಾಯಚೂರು ಸೀಮೆಯ ಗ್ಯಾರೇಜ್ ಕಸುಬಿನ ಕಥೆ

ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಮೀರಿದ ಒಂದು ಕಲ್ಲಿದೆ. ಕಾಕತೀಯರ ಕಾಲದ್ದು, ಅದರ ಮೇಲೆ 1294ರ ತೆಲುಗು ಶಾಸನವಿದೆ. ಅಷ್ಟು ದೊಡ್ಡ ಬಂಡೆಯನ್ನು ಕೋಟೆಗೆ ಹೇಗೆ ತಂದರು ಎಂಬುದನ್ನೂ ಅಲ್ಲೇ ಕೆತ್ತಿ ತೋರಿಸಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಬಂಡೆ, ಮುಂದೆ ಸಾಲುಗಟ್ಟಿದ ಕೋಣಗಳು, ಅವನ್ನು ಹುರಿದುಂಬಿಸಿ ಹೊಡೆಯುವವರು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ದೂಡುವ ಆಳುಗಳು. ಕೋಟೆ ನೋಡಲು ಬಂದವರು ಕೋಣಗಳ ಸಾಲನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಸನ್ನೆಗೋಲಿನವರ ಕಡೆಗೆ. ನಿಂತ ಬಂಡಿಯನ್ನು ಮತ್ತೆ ಹೊರಡಿಸಿದವರು ಅವರು. ನಮ್ಮ ಸೀಮೆಯಲ್ಲಿ ನನ್ನ ಕಸುಬಿನವರ ಮೊದಲ ಚಿತ್ರ ಅದೇ ಎಂದು ನಾನು ನಂಬಿದ್ದೇನೆ.

ಕೋಟೆ ಕಟ್ಟಿದವರ, ಗೆದ್ದವರ ಚರಿತ್ರೆ ಬೇಕಾದಷ್ಟು ಬಂದಿದೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ರಾಯಚೂರು ಕದನ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಕೋಟೆಯ ಸುತ್ತಲಿನ ಓಣಿಗಳಲ್ಲಿ, ಸ್ಟೇಶನ್ ರಸ್ತೆಯ ಶೆಡ್ಡುಗಳಲ್ಲಿ, ದೇವದುರ್ಗ ಮತ್ತು ಮಾನ್ವಿಯ ಬೇವಿನ ಗಿಡಗಳ ಕೆಳಗೆ ನಡೆದ ದುರಸ್ತಿ ಕೆಲಸದ ಚರಿತ್ರೆಯನ್ನು ಬರೆಯುವವರು ಬರಲಿಲ್ಲ. ಅದನ್ನು ಒಂದೇ ಒಂದು ಬಿಡಿಭಾಗ ಹಿಡಿದು ಹೇಳಲು ಹೊರಟಿದ್ದೇನೆ. ಇಂಜಿನ್ನಿನ ಪಕ್ಕೆಗೆ ಎರಡು ಬೋಲ್ಟಿನಲ್ಲಿ ಕೂತು, ಹಿಂದಿನ ಟಾಕಿಯಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ಕೊಡುವ ಪಂಪು ಅದು. ನಮ್ಮ ಗ್ಯಾರೇಜುಗಳಲ್ಲಿ ಎಲ್ಲರೂ ಅದನ್ನು ಎಸಿ ಪಂಪ್ ಅನ್ನುತ್ತಾರೆ.

ನಾನು ಮಾನ್ವಿಯವನು. 1972ರ ಬರದ ವರ್ಷ ಶಾಲೆ ಬಿಟ್ಟು ರಾಯಚೂರಿನ ಒಂದು ಗ್ಯಾರೇಜಿಗೆ ಸೇರಿದೆ. ಹೊಲದಲ್ಲಿ ಬೆಳೆ ಇರಲಿಲ್ಲ, ಮನೆಯಲ್ಲಿ ಜೋಳ ಇರಲಿಲ್ಲ. ಗ್ಯಾರೇಜಿನಲ್ಲಿ ಎರಡು ಹೊತ್ತಿನ ಊಟ ಇತ್ತು, ಕಲಿಸುವ ಉಸ್ತಾದರು ಇದ್ದರು. ಮೊದಲು ನನ್ನ ಕೈಗೆ ಬಂದ ಕೆಲಸ ಪಂಪಿನ ಗಾಜಿನ ಬಟ್ಟಲು ತೊಳೆಯುವುದು. ಆಮೇಲೆ ಪಂಪಿನೊಳಗಿನ ಡಯಾಫ್ರಾಮ್ ಎಂಬ ಬಿಲ್ಲೆ ಬದಲಿಸುವುದನ್ನು ಕಲಿತೆ. ಅದನ್ನು ಕಲಿತ ಹುಡುಗನಿಗೆ ಇಂಜಿನ್ ಮುಟ್ಟಲು ಅಪ್ಪಣೆ ಸಿಗುತ್ತಿತ್ತು.

ಯಂತ್ರಗಳು ಬಂದ ದಾರಿ

ರಾಯಚೂರಿಗೆ ಯಂತ್ರ ಬಂದದ್ದು ಹಳಿಯ ಮೇಲೆ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸಿನ ಕಡೆಯಿಂದ ಮದ್ರಾಸ್ ರೈಲ್ವೆ, ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕೃಷ್ಣೆ ತುಂಗಭದ್ರೆಯರ ನಡುವಿನ ಕಪ್ಪು ನೆಲದ ಹತ್ತಿಗೆ ಎರಡು ಬಂದರುಗಳ ದಾರಿ ತೆರೆಯಿತು. ಹತ್ತಿ ಬಂದಲ್ಲಿ ಜಿನ್ನಿಂಗ್ ಮಿಲ್ಲು ಬಂತು, ಮಿಲ್ಲಿಗೆ ಇಂಜಿನ್ ಬಂತು, ಇಂಜಿನ್ನಿಗೆ ನೋಡಿಕೊಳ್ಳುವವರು ಬೇಕಾದರು. ಕಮ್ಮಾರರು ಮತ್ತು ಬಡಿಗರ ಮಕ್ಕಳು, ರೈಲ್ವೆಯಲ್ಲಿ ದುಡಿದವರ ಮಕ್ಕಳು ಆ ಕೆಲಸಕ್ಕೆ ಕೈ ಹಾಕಿದರು. ನಮ್ಮ ಊರಿನ ಮೊದಲ ತಲೆಮಾರಿನ ಮಿಸ್ತ್ರಿಗಳು ಹೀಗೆ ಮಿಲ್ಲಿನ ಇಂಜಿನ್ ಮನೆಗಳಿಂದ ಬಂದವರೆಂದು ಉಸ್ತಾದರು ಹೇಳುತ್ತಿದ್ದರು.

ಎರಡನೆಯ ದಾರಿ ಹೈದರಾಬಾದಿನದು. ರಾಯಚೂರು ಆಗ ನಿಜಾಮರ ಸಂಸ್ಥಾನದ ಜಿಲ್ಲೆ. 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯು ರಸ್ತೆ ಸಾರಿಗೆ ಇಲಾಖೆ ತೆರೆದು 27 ಬಸ್ಸು ಮತ್ತು 166 ಮಂದಿಯೊಡನೆ ಕೆಲಸ ಶುರು ಮಾಡಿತು. ಸರ್ಕಾರವೇ ಬಸ್ ಓಡಿಸಿದ್ದು ಈ ದೇಶದಲ್ಲಿ ಅದೇ ಮೊದಲು. ನಮ್ಮ ಉಸ್ತಾದರ ತಂದೆ ಆ ಬಸ್ಸುಗಳ ವರ್ಕ್‌ಶಾಪಿನಲ್ಲಿ ಕೈ ಕೂರಿಸಿಕೊಂಡು ರಾಯಚೂರಿಗೆ ಮರಳಿದವರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ರಾಜಧಾನಿ ಬೆಂಗಳೂರಾಯಿತು. ಆದರೂ ಬಿಡಿಭಾಗದ ಸರಕು ಮಾತ್ರ ಬಹಳ ವರ್ಷ ಸಿಕಂದರಾಬಾದಿನ ರಾಣಿಗಂಜಿನಿಂದಲೇ ಬರುತ್ತಿತ್ತು. ಬೆಳಗ್ಗೆ ಹೈದರಾಬಾದ್ ಬಸ್ಸಿನ ಡ್ರೈವರಿನ ಕೈಗೆ ಕೆಟ್ಟ ಡಯಾಫ್ರಾಮನ್ನು ಕಾಗದದಲ್ಲಿ ಸುತ್ತಿ ಕೊಟ್ಟರೆ ಮರುದಿನ ಹೊಸದು ಬರುವುದು. ನಮ್ಮ ಗ್ಯಾರೇಜಿನಲ್ಲಿ ಪಾನಾ, ಪೇಚ್‌ಕಸ್ ಉರ್ದುವಿನಲ್ಲಿದ್ದವು, ಲೆಕ್ಕ ಕನ್ನಡದಲ್ಲಿತ್ತು, ಗಿರಾಕಿಯೊಡನೆ ಚೌಕಾಸಿ ಅರ್ಧ ತೆಲುಗಿನಲ್ಲಿ ನಡೆಯುತ್ತಿತ್ತು. ಕೆಲಸ ಬಲ್ಲವನು ಯಾರ ಮಗ ಎಂದು ಯಾರೂ ಕೇಳುತ್ತಿರಲಿಲ್ಲ.

ಪಂಪಿನ ಹುಟ್ಟು, ಪಂಪಿನ ಒಳಗು

ಮೊದಮೊದಲಿನ ಕಾರುಗಳಿಗೆ ಪಂಪೇ ಇರಲಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನ ಟಾಕಿ ಸೀಟಿನ ಕೆಳಗಿತ್ತು. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಇಂಜಿನ್ ಸೇರುತ್ತಿತ್ತು. ಟಾಕಿಯಲ್ಲಿ ಎಣ್ಣೆ ಕಮ್ಮಿ ಇದ್ದು ಕಡಿದಾದ ಏರು ಬಂದರೆ ಮೂತಿ ಮೇಲಾಗಿ ಇಂಜಿನ್ ಒಣಗುತ್ತಿತ್ತು. ಅದಕ್ಕೇ ಜನ ಕಾರು ತಿರುಗಿಸಿ ಹಿಮ್ಮುಖವಾಗಿ ಏರು ಹತ್ತುತ್ತಿದ್ದರು. ಆಮೇಲೆ ಇಂಜಿನ್ನಿನ ಎಳೆತದಿಂದಲೇ ಪೆಟ್ರೋಲ್ ಮೇಲೆತ್ತುವ ವ್ಯಾಕ್ಯೂಮ್ ಟಾಕಿಗಳು ಬಂದವು. 1920ರ ದಶಕದ ಕೊನೆಗೆ ಅಮೆರಿಕದ ಎಸಿ ಕಂಪನಿ ಡಯಾಫ್ರಾಮ್ ಪಂಪನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿಯನ್ನು ಕಟ್ಟಿದ ಆಲ್ಬರ್ಟ್ ಚಾಂಪಿಯನ್ ಫ್ರಾನ್ಸಿನ ಸೈಕಲ್ ಪಂದ್ಯಗಾರ; ಅಮೆರಿಕಕ್ಕೆ ಹೋಗಿ 1908ರಲ್ಲಿ ಮಿಶಿಗನ್ನಿನ ಫ್ಲಿಂಟ್ ಊರಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಾರ್ಖಾನೆ ತೆರೆದವನು. ಅವನ ಹೆಸರಿನ ಮೊದಲಕ್ಷರಗಳೇ ದೇವದುರ್ಗದ ಬೇವಿನ ಗಿಡದ ಕೆಳಗಿನ ಗ್ಯಾರೇಜಿನವರೆಗೂ ಬಂದವು.

ಪಂಪಿನ ಒಳಗೆ ಇರುವುದು ಇಷ್ಟೇ. ಡಯಾಫ್ರಾಮ್ ಎಂಬ, ರಬ್ಬರ್ ಲೇಪಿಸಿದ ಬಟ್ಟೆಯ ಒಂದು ಬಿಲ್ಲೆ, ಅದರ ಕೆಳಗೆ ಸ್ಪ್ರಿಂಗು, ಎರಡು ವಾಲ್ವು, ಒಂದು ಲಿವರು. ಇಂಜಿನ್ನಿನ ಕ್ಯಾಮ್ ಶಾಫ್ಟಿನ ಮೇಲೆ ಒಂದು ಕಡೆ ಉಬ್ಬಿದ ಗಾಲಿ ಇರುತ್ತದೆ. ಅದು ತಿರುಗಿದಾಗಲೆಲ್ಲ ಲಿವರನ್ನು ಒತ್ತುತ್ತದೆ, ಲಿವರು ಡಯಾಫ್ರಾಮನ್ನು ಕೆಳಗೆಳೆಯುತ್ತದೆ. ಆಗ ಒಳಬರುವ ವಾಲ್ವು ತೆರೆದು ಪೆಟ್ರೋಲ್ ತುಂಬುತ್ತದೆ. ಲಿವರು ಸಡಿಲಾದಾಗ ಸ್ಪ್ರಿಂಗು ಡಯಾಫ್ರಾಮನ್ನು ಮೇಲೆ ದೂಡುತ್ತದೆ, ಹೊರಹೋಗುವ ವಾಲ್ವು ತೆರೆದು ಪೆಟ್ರೋಲ್ ಕಾರ್ಬೊರೇಟರಿಗೆ ಹೋಗುತ್ತದೆ. ಕಮ್ಮಾರನ ತಿದಿಯಲ್ಲಿ ತೊಗಲು ಮತ್ತು ಮುಚ್ಚಳ ಮಾಡುವ ಕೆಲಸವನ್ನೇ ಇಲ್ಲಿ ಬಿಲ್ಲೆ ಮತ್ತು ವಾಲ್ವು ಮಾಡುತ್ತವೆ; ಕಮ್ಮಾರರ ಮಕ್ಕಳಿಗೆ ಈ ಪಂಪು ಒಂದೇ ಸಲಕ್ಕೆ ತಿಳಿಯುತ್ತಿದ್ದುದು ಅದಕ್ಕೇ.

ಈ ಕಟ್ಟಣೆಯ ಜಾಣತನ ಇರುವುದು ಸ್ಪ್ರಿಂಗಿನಲ್ಲಿ. ಪೆಟ್ರೋಲಿಗೆ ಒತ್ತಡ ಕೊಡುವುದು ಲಿವರಲ್ಲ, ಸ್ಪ್ರಿಂಗು. ಕಾರ್ಬೊರೇಟರ್ ತುಂಬಿ ಅದರ ಸೂಜಿ ವಾಲ್ವು ಮುಚ್ಚಿಕೊಂಡಾಗ ಪೆಟ್ರೋಲಿಗೆ ಹೋಗಲು ದಾರಿ ಇರುವುದಿಲ್ಲ. ಡಯಾಫ್ರಾಮ್ ಕೆಳಗೇ ನಿಲ್ಲುತ್ತದೆ, ಲಿವರು ಬರಿದೇ ಆಡುತ್ತಿರುತ್ತದೆ. ಇಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ಒತ್ತಡ ಚದರ ಇಂಚಿಗೆ ಸುಮಾರು 2ರಿಂದ 4 ಪೌಂಡಿನ ಒಳಗೇ ಇರುತ್ತದೆ. ಕರೆಂಟು ಬೇಡ, ಫ್ಯೂಸು ಬೇಡ. ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಅಪಘಾತದಲ್ಲಿ ಪೈಪು ಕಿತ್ತರೂ ಪೆಟ್ರೋಲ್ ಸುರಿಸುತ್ತಾ ಇರುವುದಿಲ್ಲ.

ಮತ್ತೊಂದು ಗುಣವೇ ನಮ್ಮ ಸೀಮೆಗೆ ದೊಡ್ಡದಾಯಿತು. ಈ ಪಂಪನ್ನು ಬಿಚ್ಚಬಹುದಿತ್ತು. ಸುತ್ತ ತಿರುಪು, ನಡುವೆ ಬಿಲ್ಲೆ. ಒಂದು ಪೇಚ್‌ಕಸ್ ಇದ್ದವನು ಅದನ್ನು ತೆರೆದು ನೋಡಬಹುದು, ಕೆಟ್ಟದ್ದನ್ನು ತೆಗೆದು ಹೊಸದು ಹಾಕಿ ಮುಚ್ಚಬಹುದು. ಗ್ಯಾರೇಜ್ ಕಸುಬು ತಾಲ್ಲೂಕು ಊರುಗಳಿಗೆ ಹರಡಲು ಈ ಬಿಚ್ಚುವ ಗುಣವೇ ಕಾರಣ. ಮುಚ್ಚಿದ ಯಂತ್ರ ದೊಡ್ಡ ಊರಿನ ಕಂಪನಿಯ ಕೈಯಲ್ಲಿ ಉಳಿಯುತ್ತದೆ. ಬಿಚ್ಚುವ ಯಂತ್ರ ಸಣ್ಣ ಊರಿನ ಹುಡುಗನಿಗೆ ಅನ್ನ ಕೊಡುತ್ತದೆ.

ಜೀಪು ಮತ್ತು ದೇವದುರ್ಗದ ಬಿಸಿಲು

ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಿಡರ್ ಮುಂದಿನ ದಶಕದ ಕೊನೆಗೆ ಬಂಗಾಳದ ಉತ್ತರಪಾಡಾದಿಂದ ಹೊರಬಂತು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಬಂತು. ಅದೇ ಕಾರು 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ರಾಯಚೂರಿನಲ್ಲಿ ಫಿಯಟ್ ಎಂದರೆ ವಕೀಲ ಸಾಹೇಬರು, ಡಾಕ್ಟರ್ ಸಾಹೇಬರು. ಅಂಬಾಸಿಡರ್ ಎಂದರೆ ಗಂಜಿನ ಅಡತಿ ಸಾಹುಕಾರರು ಮತ್ತು ಬಾಡಿಗೆ ಟ್ಯಾಕ್ಸಿ. ಶ್ರಾವಣದಲ್ಲಿ ರಾಯರ ಆರಾಧನೆಗೆ ಮಂತ್ರಾಲಯಕ್ಕೆ ಹೊರಟವರ ಕಾರುಗಳು ರಾಯಚೂರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದವು, ದೂರದಿಂದ ಓಡಿ ಬಿಸಿಯಾದ ಪಂಪುಗಳು ನಮ್ಮ ಕೈಗೆ ಬರುತ್ತಿದ್ದವು.

ದೇವದುರ್ಗದ ಕಥೆ ಮಾತ್ರ ಜೀಪಿನದು. ಕಾಲುವೆ ನೀರು ಕಾಣುವ ಮುಂಚಿನ ದೇವದುರ್ಗ ಒಣಭೂಮಿಯ ತಾಲ್ಲೂಕು. ಒಂದು ಕಡೆ ಕೃಷ್ಣೆ, ಉಳಿದೆಡೆ ಹಳ್ಳ, ದಿನ್ನೆ, ಬಂಡಿ ಜಾಡು. 1972ರ ಬರಪರಿಹಾರದ ಕಾಮಗಾರಿ ನೋಡಲು ಬರುತ್ತಿದ್ದ ಅಧಿಕಾರಿಗಳು, ಸಿಡುಬಿನ ಲಸಿಕೆ ಹಾಕುವವರು, ಸರ್ವೆಯವರು ಎಲ್ಲರೂ ಜೀಪಿನಲ್ಲೇ ಬರುತ್ತಿದ್ದರು. ರಾಯಚೂರಿನಿಂದ ಗಬ್ಬೂರಿನ ಮೇಲೆ ಹಾದು ದೇವದುರ್ಗ 50 ಕಿಲೋಮೀಟರಿಗೂ ಹೆಚ್ಚು. ಆ ದಾರಿಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಪೆಟ್ರೋಲ್ ಜೀಪು ಓಡಿಸಿದವರಿಗೆ ಏರ್ ಲಾಕ್ ಗೊತ್ತು.

ಅದರ ಕಾರಣ ಸರಳ. ಪೆಟ್ರೋಲಿನ ಹಗುರ ಅಂಶಗಳು 35, 40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ. ಎಳೆಯುವ ಪೈಪಿನಲ್ಲಿ ಒತ್ತಡ ಕಮ್ಮಿ ಇರುವುದರಿಂದ ಅಲ್ಲಿ ಇನ್ನೂ ಬೇಗ. ಪಂಪು ಕೂತಿರುವುದು ಕಾದ ಇಂಜಿನ್ನಿನ ಪಕ್ಕದಲ್ಲಿ, ಟಾಕಿ ಇರುವುದು ದೂರದಲ್ಲಿ, ಹೊರಗೆ 42, 43 ಡಿಗ್ರಿ ಬಿಸಿಲು. ಪೈಪಿನೊಳಗೆ ಪೆಟ್ರೋಲ್ ಆವಿಯಾಗುತ್ತದೆ. ಡಯಾಫ್ರಾಮ್ ಆವಿಯನ್ನು ಹಿಗ್ಗಿಸಿ ಕುಗ್ಗಿಸಿ ಸುಮ್ಮನಾಗುತ್ತದೆ, ಎಣ್ಣೆ ಮೇಲೆ ಬರುವುದಿಲ್ಲ. ಜೀಪು ಗುಕ್ ಗುಕ್ ಎಂದು ನಿಲ್ಲುತ್ತದೆ. ಡ್ರೈವರುಗಳು ಹಸಿ ಗೋಣಿ ತಟ್ಟಿನ ತುಂಡನ್ನು ಪಂಪಿಗೆ ಸುತ್ತುತ್ತಿದ್ದರು. ನೀರು ಆರುವಾಗ ಶಾಖ ಹೀರಿಕೊಳ್ಳುತ್ತದೆ, ಪಂಪು ತಣಿಯುತ್ತದೆ, ಪಂಪಿನ ಹೊರಗಿರುವ ಕೈ ಲಿವರು ನಾಲ್ಕು ಸಲ ಒತ್ತಿದರೆ ಎಣ್ಣೆ ಬರುತ್ತದೆ. ದೇವದುರ್ಗದ ಕಡೆಯ ಹಳೆ ಡ್ರೈವರುಗಳು ಸೀಟಿನ ಕೆಳಗೆ ಕುಡಿಯುವ ನೀರು ಬೇರೆ, ಪಂಪಿನ ನೀರು ಬೇರೆ ಇಡುತ್ತಿದ್ದರು.

ಜೀಪಿನ ಪಂಪಿನ ಕೆಳಗೆ ಗಾಜಿನ ಬಟ್ಟಲಿತ್ತು. ತಂತಿಯ ಹಿಡಿ ಸಡಿಲಿಸಿದರೆ ಬಟ್ಟಲು ಕೈಗೆ ಬರುತ್ತಿತ್ತು. ಪೆಟ್ರೋಲ್ ಬ್ಯಾರಲಿನಲ್ಲಿ ಬಂದು ಕೈಪಂಪಿನಿಂದ ಟಾಕಿ ಸೇರುತ್ತಿದ್ದ ಕಾಲದಲ್ಲಿ ಅದರೊಡನೆ ನೀರು, ತುಕ್ಕು, ಕಪ್ಪು ಮಣ್ಣು ಎಲ್ಲ ಬರುತ್ತಿದ್ದವು. ನೀರು ಪೆಟ್ರೋಲಿಗಿಂತ ಭಾರ, ಬಟ್ಟಲಿನ ತಳಕ್ಕೆ ಇಳಿಯುತ್ತದೆ. ಬಟ್ಟಲು ನೋಡಿದರೆ ಆ ಪೆಟ್ರೋಲ್ ಎಂಥದ್ದೆಂದು ತಿಳಿಯುತ್ತಿತ್ತು. ಕೆಲವು ಜೀಪುಗಳ ಪಂಪಿಗೆ ಎರಡು ಅಂತಸ್ತು. ಒಂದು ಪೆಟ್ರೋಲ್ ಎಳೆಯುತ್ತಿತ್ತು, ಇನ್ನೊಂದು ಗಾಳಿ ಎಳೆದು ಮಳೆಗಾಲದಲ್ಲಿ ವೈಪರ್ ಆಡಿಸುತ್ತಿತ್ತು.

ಆ ದಾರಿಯಲ್ಲಿ ಅಪಾಯದ ಉಪಾಯಗಳೂ ಹುಟ್ಟಿದವು, ಅವನ್ನೂ ದಾಖಲಿಸಬೇಕು. ಡಯಾಫ್ರಾಮ್ ಹರಿದು ಪಂಪು ಸತ್ತರೆ ಡಬ್ಬಿಯಲ್ಲಿ ಪೆಟ್ರೋಲ್ ತುಂಬಿ, ಇಂಜಿನ್ನಿಗಿಂತ ಎತ್ತರದಲ್ಲಿ ಕ್ಲೀನರ್ ಹುಡುಗ ಹಿಡಿದು ಕೂತು, ಕೊಳವೆಯಿಂದ ಕಾರ್ಬೊರೇಟರಿಗೆ ಬಿಡುತ್ತಿದ್ದ. ಊರು ಸೇರುತ್ತಿದ್ದರು ನಿಜ. ಬಾನೆಟ್ ಬಿಸಿ, ಕೈಯಲ್ಲಿ ತೆರೆದ ಪೆಟ್ರೋಲ್. ಒಂದು ಕಿಡಿ ಸಾಕಿತ್ತು. ನಮ್ಮ ಉಸ್ತಾದರು ಯಾವತ್ತೂ ಇದಕ್ಕೆ ಒಪ್ಪಲಿಲ್ಲ. ‘ತಮ್ಮಾ, ಗಾಡಿ ನಾಳಿ ಮುಟ್ಟಿದ್ರೂ ನಡೀತದ, ಹುಡುಗ ಮನಿ ಮುಟ್ಟಬೇಕು’ ಅನ್ನುತ್ತಿದ್ದರು.

ಮಾನ್ವಿಯ ಕಾಲುವೆ, ಮಾನ್ವಿಯ ಟ್ರ್ಯಾಕ್ಟರು

ಮಾನ್ವಿಯ ಕಥೆ ನೀರಿನದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಡಲು ಶುರು ಮಾಡಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ ಬಂದಾಗ ಜೋಳ ಹತ್ತಿಯ ನೆಲ ಭತ್ತದ ಗದ್ದೆಯಾಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಅಕ್ಕಿ ಗಿರಣಿಗಳು ಎದ್ದವು, ಟ್ರ್ಯಾಕ್ಟರುಗಳು ಬಂದವು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರಿನಲ್ಲಿ ಹಗಲು ರಾತ್ರಿ ಡೀಸೆಲ್ ಇಂಜಿನ್ನಿನ ಸದ್ದು ತುಂಬಿತು. 1980ರ ದಶಕದಲ್ಲಿ ನಾನು ರಾಯಚೂರು ಬಿಟ್ಟು ಊರಿಗೆ ಮರಳಿ ಸ್ವಂತ ಗ್ಯಾರೇಜ್ ಹಾಕಿದ್ದು ಈ ಸದ್ದು ನಂಬಿಕೊಂಡು.

ಪೆಟ್ರೋಲ್ ಕಸುಬು ಆಗಲೇ ಇಳಿಮುಖವಾಗಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಬೆಲೆ ಏರಿದ್ದೇ ಏರಿತು. ಜೀಪಿನವರು ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ಅಂಬಾಸಿಡರಿಗೂ 1970ರ ದಶಕದ ಕೊನೆಗೆ ಡೀಸೆಲ್ ಬಂತು. ಎಸಿ ಪಂಪಿನ ಕೆಲಸ ಮುಗಿಯಿತು ಎಂದು ಗ್ಯಾರೇಜಿನವರು ಮಾತಾಡಿಕೊಂಡರು. ಮಾನ್ವಿಯಲ್ಲಿ ಹಾಗಾಗಲಿಲ್ಲ. ಮ್ಯಾಸಿ ಟ್ರ್ಯಾಕ್ಟರಿನ ಮೂರು ಸಿಲಿಂಡರ್ ಇಂಜಿನ್ನಿನ ಪಕ್ಕದಲ್ಲಿ ಅದೇ ಡಯಾಫ್ರಾಮ್, ಅದೇ ಎರಡು ವಾಲ್ವು, ಅದೇ ಕೈ ಲಿವರು ಇತ್ತು. ಟಾಕಿಯಿಂದ ಡೀಸೆಲ್ ಎಳೆದು ಫಿಲ್ಟರಿನ ಮೂಲಕ ದೊಡ್ಡ ಪಂಪಿಗೆ ಕೊಡುವುದು ಅದರ ಕೆಲಸ. ಟ್ರ್ಯಾಕ್ಟರು ಗದ್ದೆಯಲ್ಲಿ ನಿಂತಿತೆಂದರೆ ಪೈಪಿಗೆ ಹೊಕ್ಕ ಏರ್ ತೆಗೆಯಲು ಬರುವ ಹುಡುಗ ಮೊದಲು ಹಿಡಿಯುವುದು ಆ ಕೈ ಲಿವರನ್ನೇ. ರಾಯಚೂರಿನಲ್ಲಿ ಫಿಯಟ್ ಮತ್ತು ಜೀಪಿನ ಮೇಲೆ ಕಲಿತ ವಿದ್ಯೆ ಮಾನ್ವಿಯ ಗದ್ದೆಯಲ್ಲಿ ಇನ್ನೊಂದು ತಲೆಮಾರಿಗೆ ದಾಟಿತು. ಒಂದು ಕಸುಬು ಸತ್ತಂತೆ ಕಂಡರೂ ಅದರ ಒಳಗಿನ ಜ್ಞಾನ ಇನ್ನೊಂದು ಯಂತ್ರದಲ್ಲಿ ಬಾಳುತ್ತದೆ. ನನ್ನ ಬದುಕಿನಲ್ಲಿ ನಾನು ಕಂಡ ಗಟ್ಟಿ ಸತ್ಯ ಇದು.

ಸೋರುವ ಪಂಪನ್ನು ಬದಲಿಸುವ ಬಗೆ

ಈಚೆಗೆ ಮಾನ್ವಿಯ ಹಿರಿಯ ಡಾಕ್ಟರೊಬ್ಬರ ಹಳೆಯ ಫಿಯಟ್ ನನ್ನ ಹತ್ತಿರ ಬಂತು. ಅವರ ಮಗಳು ಓಡಿಸಿಕೊಂಡು ಬಂದಿದ್ದರು. ‘ಕಾಕಾ, ಗಾಡ್ಯಾಗ ಪೆಟ್ರೋಲ್ ವಾಸನಿ ಬರ್ಲಿಕತ್ಯಾದ’ ಎಂದರು. ಆ ಕೆಲಸವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ. ಕಲಿಯುವ ಹುಡುಗರಿಗೆ ಬೇಕಾಗುತ್ತದೆ.

ಮೊದಲು ಸೋರಿಕೆ ಎಲ್ಲಿಯದು ಎಂದು ನೋಡಬೇಕು. ಪೈಪಿನ ನಟ್ಟಿನ ಹತ್ತಿರ ಹಸಿ ಇದ್ದರೆ ಅದು ಪಂಪಿನ ತಪ್ಪಲ್ಲ, ನಟ್ಟು ಬಿಗಿದರೆ ಮುಗಿಯಿತು. ಪಂಪಿನ ಎರಡು ಹೋಳು ಕೂಡುವ ಅಂಚಿನಲ್ಲಿ ಜಿನುಗಿದರೆ ತಿರುಪು ಸಡಿಲಾಗಿರಬಹುದು. ಕೆಳಗಿನ ಹೋಳಿನ ಸಣ್ಣ ರಂಧ್ರದಿಂದ ತೊಟ್ಟಿಕ್ಕಿದರೆ ಡಯಾಫ್ರಾಮ್ ಹರಿದಿದೆ ಎಂದೇ ಅರ್ಥ. ಆ ರಂಧ್ರ ಇರುವುದೇ ಅದನ್ನು ಹೇಳಲಿಕ್ಕೆ. ಹೊರಗೆ ಏನೂ ಕಾಣದಿದ್ದರೂ ಆಯಿಲ್ ಗೇಜ್ ಎಳೆದು ನೋಡಬೇಕು. ಆಯಿಲ್ ಮಟ್ಟ ಏರಿದ್ದು, ಬೆರಳಿಗೆ ನೀರಾಗಿ ಹತ್ತಿ, ಪೆಟ್ರೋಲ್ ನಾತ ಬಂದರೆ ಪೆಟ್ರೋಲ್ ಒಳಗಿನಿಂದ ಇಂಜಿನ್ನಿನ ಆಯಿಲ್ ಚೇಂಬರಿಗೆ ಇಳಿಯುತ್ತಿದೆ. ಇದು ಅತಿ ಕೆಟ್ಟ ಸೋರಿಕೆ. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಸವೆದು ಇಂಜಿನ್ನೇ ಹೋಗುತ್ತದೆ. ಡಾಕ್ಟರ ಕಾರಿನದು ಇದೇ ಆಗಿತ್ತು.

ಬ್ಯಾಟರಿಯ ಒಂದು ವಯರ್ ತೆಗೆದೆ. ಇಂಜಿನ್ ತಣ್ಣಗಾಗುವವರೆಗೆ ಕಾದೆ. ಬೀಡಿ ಸೇದುವವರನ್ನು ದೂರ ಕಳಿಸಿದೆ. ಟಾಕಿ ಕಡೆಯ ಪೈಪು ಬಿಚ್ಚಿದ ಕೂಡಲೇ ಅದರ ಬಾಯಿಗೆ ಕಟ್ಟಿಗೆಯ ಬಿರಡೆ ಹೊಡೆಯಬೇಕು. ಟಾಕಿ ತುಂಬಿದ್ದರೆ ಪೆಟ್ರೋಲ್ ತಾನೇ ಹರಿದು ಬರುತ್ತದೆ. ನಟ್ಟು ಬಿಚ್ಚುವಾಗ ಎರಡು ಪಾನಾ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಪಾನಾ ಹಾಕಿದರೆ ತಾಮ್ರದ ಪೈಪು ಮುರಿಯಿತೆಂದೇ ಲೆಕ್ಕ. ಆಮೇಲೆ ಎರಡು ಬೋಲ್ಟು ತೆಗೆದರೆ ಪಂಪು ಕೈಗೆ ಬರುತ್ತದೆ. ಅದರ ಹಿಂದಿನ ಪ್ಯಾಕಿಂಗನ್ನು ಎಸೆಯುವ ಮುಂಚೆ ಅದರ ದಪ್ಪ ನೋಡಿಕೊಳ್ಳಬೇಕು. ಪ್ಯಾಕಿಂಗ್ ದಪ್ಪವಾದರೆ ಲಿವರಿನ ಹೊಡೆತ ಕಮ್ಮಿಯಾಗಿ ಪೆಟ್ರೋಲ್ ಸಾಲದು. ತೆಳುವಾದರೆ ಹೊಡೆತ ಹೆಚ್ಚಾಗಿ ಡಯಾಫ್ರಾಮ್ ಬೇಗ ಹರಿಯುತ್ತದೆ.

ಬಿಚ್ಚುವ ಮುಂಚೆ ಪಂಪಿನ ಎರಡೂ ಹೋಳುಗಳ ಮೇಲೆ ಕಾನಸಿನಿಂದ ಒಂದೇ ಗೆರೆ ಎಳೆಯಬೇಕು. ಆ ಗೆರೆ ಇಲ್ಲದಿದ್ದರೆ ಮತ್ತೆ ಜೋಡಿಸುವಾಗ ಪೈಪಿನ ಬಾಯಿಗಳು ಬೇರೆ ದಿಕ್ಕಿಗೆ ಬರುತ್ತವೆ. ತೆರೆದಾಗ ಬಿಲ್ಲೆಯ ನಡುವೆ ಸುತ್ತಲೂ ಬಿರುಕು ಕಂಡಿತು. ಹೊಸ ಬಿಲ್ಲೆ ಕೂರಿಸಿ ತಿರುಪುಗಳನ್ನು ಮೊದಲು ಸಡಿಲವಾಗಿ ಹಾಕಿದೆ. ಈಗ ಉಸ್ತಾದರು ಕಲಿಸಿದ ಮುಖ್ಯ ಪಾಠ: ಲಿವರನ್ನು ಪೂರ್ತಿ ಒತ್ತಿ ಹಿಡಿದುಕೊಂಡು, ಎದುರುಬದುರಿನ ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಆಗ ಬಿಲ್ಲೆಗೆ ಆಡಲು ಬೇಕಾದಷ್ಟು ಸಡಿಲು ಉಳಿಯುತ್ತದೆ. ಲಿವರ್ ಬಿಟ್ಟು ಬಿಗಿದರೆ ಬಿಲ್ಲೆ ಬಿಗಿದ ಚರ್ಮವಾಗಿ ಮೊದಲ ಕೆಲವು ದಿನಕ್ಕೇ ಹರಿಯುತ್ತದೆ. ಒಳಬಾಯಿಗೆ ಬೆರಳು ಮುಚ್ಚಿ ಲಿವರು ಆಡಿಸಿದಾಗ ಬೆರಳನ್ನು ಎಳೆದು ಹಿಡಿದರೆ ವಾಲ್ವು ಸರಿ ಇದೆ.

ಕೂರಿಸುವಾಗ ಲಿವರು ಕ್ಯಾಮಿನ ಮೇಲೆ ಸರಿಯಾಗಿ ಕೂರಬೇಕು, ಪಕ್ಕಕ್ಕೆ ಜಾರಬಾರದು. ಬೋಲ್ಟು ಹಿಡಿಯದಿದ್ದರೆ ಜೋರು ಮಾಡಬಾರದು; ಹ್ಯಾಂಡಲಿನಿಂದ ಇಂಜಿನ್ ಸ್ವಲ್ಪ ತಿರುಗಿಸಿದರೆ ಉಬ್ಬು ಆಚೆ ಸರಿದು ಪಂಪು ತಾನೇ ಕೂರುತ್ತದೆ. ಎರಡು ಬೋಲ್ಟನ್ನೂ ಸಮನಾಗಿ ಬಿಗಿಯಬೇಕು. ಇಂಜಿನ್ ಚಾಲೂ ಮಾಡುವ ಮುಂಚೆ ಆಯಿಲ್ ಪೂರ್ತಿ ಇಳಿಸಿ ಹೊಸದು ಹಾಕಬೇಕು. ಪಂಪು ಬದಲಿಸಿ ಹಳೆ ಆಯಿಲ್ ಬಿಡುವುದು ಅರ್ಧ ಕೆಲಸ. ಚಾಲೂ ಆದ ಮೇಲೆ ಒಣ ಬಟ್ಟೆಯಿಂದ ಎಲ್ಲ ಅಂಚುಗಳನ್ನು ಒರೆಸಿ, ಹಸಿ ಹತ್ತುತ್ತದೆಯೇ ಎಂದು ನೋಡಬೇಕು.

ಎಥನಾಲ್ ಬಂದ ಮೇಲೆ

ಡಾಕ್ಟರ ಕಾರಿನ ಡಯಾಫ್ರಾಮ್ ಹರಿದದ್ದು ವಯಸ್ಸಿನಿಂದ ಮಾತ್ರ ಅಲ್ಲ. ಪೆಟ್ರೋಲೇ ಬದಲಾಗಿದೆ. ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಯೋಚನೆ ಹಳೆಯದು; ಅದಕ್ಕಾಗಿ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಈಗ ಅದು ಪ್ರತಿ ಬಂಕಿಗೂ ಬಂದಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತನಿಗೆ ಅದರಿಂದ ಅನುಕೂಲವಿದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಹಳೆಯ ಪಂಪಿಗೆ ಮಾತ್ರ ಅದು ಒಗ್ಗುವುದಿಲ್ಲ. ಎಥನಾಲ್ ಹಳೆ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ನಾವು ಪ್ಯಾಕಿಂಗಿಗೆ ತಲೆಮಾರುಗಳಿಂದ ಹಚ್ಚುತ್ತ ಬಂದ ಶೆಲ್ಲಾಕ್ ಎಂಬ ಅರಗು ಮದ್ಯಸಾರದಲ್ಲಿ ಕರಗುತ್ತದೆ. ಬಡಗಿ ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಕಟ್ಟಿಗೆಗೆ ಪಾಲಿಶ್ ಮಾಡುತ್ತಾನೆ. ಹಾಗಾಗಿ ಪೆಟ್ರೋಲ್ ತಗಲುವ ಜಾಗಕ್ಕೆ ಶೆಲ್ಲಾಕ್ ಹಚ್ಚುವುದನ್ನು ಬಿಡಬೇಕು, ಎಥನಾಲಿಗೆ ತಾಳುವ ವೈಟಾನ್ ಬಗೆಯ ರಬ್ಬರಿನ ಬಿಲ್ಲೆ ಮತ್ತು ಪೈಪು ಕೇಳಿ ತರಿಸಬೇಕು. ಡಾಕ್ಟರ ಕಾರಿಗೆ ಅಂಥದ್ದೇ ಹಾಕಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕಾಯಿತು, ಬೆಲೆ ಹೆಚ್ಚಾಯಿತು, ಹಾಕಿದ್ದು ಸಾರ್ಥಕವಾಯಿತು.

ಇಂಥ ಕಾರುಗಳಿಗೆ ಕರೆಂಟ್ ಪಂಪು ಕೂರಿಸಿ ಎಂದು ಸಲಹೆ ಕೊಡುವವರಿದ್ದಾರೆ. ಹೊಸ ಕಾರಿನಲ್ಲಿ ಅದು ಸರಿ. ಟಾಕಿಯೊಳಗೇ ಕೂತು ದೂಡುವುದರಿಂದ ಏರ್ ಲಾಕಿನ ಕಾಟ ತಪ್ಪುತ್ತದೆ. ಹೊಸ ಕಾರಿನ ಪಂಪನ್ನು ಹಳೆ ಕಾರಿಗೆ ಹಾಕಿದರೆ ಅದರ ಒತ್ತಡ ಹೆಚ್ಚಾಗಿ ಕಾರ್ಬೊರೇಟರಿನ ಸೂಜಿ ವಾಲ್ವು ತಡೆಯದೆ ಪೆಟ್ರೋಲ್ ಇಂಜಿನ್ ಮೇಲೆ ಚೆಲ್ಲುತ್ತದೆ. ಇಂಜಿನ್ ನಿಂತಾಗ ಪಂಪನ್ನೂ ನಿಲ್ಲಿಸುವ ಸ್ವಿಚ್ಚು ಹಾಕದಿದ್ದರೆ ಅದು ಬೆಂಕಿಗೆ ಕರೆ. ಹಳೆ ಕಾರಿಗೆ ಅದರದೇ ಬಗೆಯ ಪಂಪು ಸರಿ, ಒಳಗಿನ ಬಿಲ್ಲೆ ಮಾತ್ರ ಈ ಕಾಲದ್ದಿರಲಿ. ಇದು ನನ್ನ ತೀರ್ಮಾನ.

ಕಾರ್ಬೊರೇಟರಿನ ಜೊತೆ ಎಸಿ ಪಂಪಿನ ಕಾಲವೂ ಮುಗಿಯುತ್ತ ಬಂತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಲ್ಲೂ ಇಂಜಿನ್ನಿಗೆ ಹತ್ತಿದ ಡಯಾಫ್ರಾಮ್ ಪಂಪೇ ಇತ್ತು, ಆದರೆ ಕೆಟ್ಟರೆ ಇಡಿಯಾಗಿ ಬದಲಿಸುವ ರೂಢಿ ಅದರೊಡನೆ ಬಂತು. 2000ದ ಆಸುಪಾಸಿನಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು. 2005ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 2 ನಿಯಮ ದೇಶಕ್ಕೆಲ್ಲ ಬಂದು ಹೊಸ ಕಾರುಗಳಲ್ಲಿ ಕಾರ್ಬೊರೇಟರ್ ಇಲ್ಲವಾಯಿತು. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ನಿಂತಿತು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿ, ಕಚೇರಿಗಳ ಹಿಂದೆ ನಿಂತಿದ್ದ ಹಳೆ ಜೀಪುಗಳೂ ಗುಜರಿಯ ದಾರಿ ಹಿಡಿದವು. 50 ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮ ಅವಕಾಶ ಕೊಟ್ಟಿದೆ. ಕಾರು ಉಳಿಸಲು ಕಾನೂನು ಆಯಿತು. ಅದನ್ನು ದುರಸ್ತಿ ಮಾಡುವ ಕೈಗಳನ್ನು ಉಳಿಸಲು ಏನೂ ಆಗಿಲ್ಲ.

ಅದಕ್ಕೆ ನನ್ನ ಕೋರಿಕೆ ಇಷ್ಟು. ರಾಯಚೂರಿನ ಐಟಿಐ ಮತ್ತು ಪಾಲಿಟೆಕ್ನಿಕ್ ಓದುವ ಹುಡುಗ ಹುಡುಗಿಯರು ಒಂದು ಹಳೆ ಪಂಪನ್ನು ತಮ್ಮ ಕೈಯಾರೆ ಬಿಚ್ಚಿ ಜೋಡಿಸಲಿ. ವಾಲ್ವು, ಒತ್ತಡ, ಆವಿ, ಎಳೆತ ಎಲ್ಲ ಪಾಠವೂ ಆ ಒಂದು ಬಿಡಿಭಾಗದಲ್ಲಿದೆ. ಚರಿತ್ರೆ ಓದುವವರು ಕೋಟೆಯ ಶಾಸನಗಳ ಜೊತೆಗೆ ಸ್ಟೇಶನ್ ರಸ್ತೆಯ, ದೇವದುರ್ಗದ, ಮಾನ್ವಿಯ ಮುದಿ ಮಿಸ್ತ್ರಿಗಳ ಮಾತನ್ನೂ ಬರೆದುಕೊಳ್ಳಲಿ. ಅವರಲ್ಲಿ ಹಲವರು 70 ದಾಟಿದ್ದಾರೆ, ಅವರ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಹಳೆ ಫಿಯಟ್, ಅಂಬಾಸಿಡರ್, ಜೀಪು ಇದ್ದರೆ ಗುಜರಿಗೆ ಹಾಕುವ ಮುಂಚೆ ಅವರಿಗೆ ಒಮ್ಮೆ ತೋರಿಸಿ. ಇಟ್ಟುಕೊಳ್ಳುವುದಾದರೆ ಈ ಬೇಸಿಗೆಗೆ ಮುಂಚೆಯೇ ಆಯಿಲ್ ಗೇಜ್ ಎಳೆದು ಮೂಸಿ ನೋಡಿ. ಪೆಟ್ರೋಲ್ ನಾತ ಬಂದರೆ ಚಾವಿ ತಿರುಗಿಸಬೇಡಿ, ಮಿಸ್ತ್ರಿಯನ್ನು ಕರೆಸಿ.